ಐದು ಪಾಯಿಂಟಿನ ದುಬಾರಿ ವರ್ಷ

ಮೆಲ್ಬರ್ನಿನಲ್ಲೋ ಸಿಡ್ನಿಯಲ್ಲೋ ಮಾಸ್ಟರ್ಸ್ ಮುಗಿಸಿದ ನಮ್ಮ ಕಡೆಯ ಹುಡುಗ ಹುಡುಗಿಯರು ನಾಲ್ಕು ಜನ ಸೇರಿದರೆ ಸಂಬಳದ ಮಾತಿಗಿಂತ ಮೊದಲು ಬರುವುದು ‘ನಿಂದು ಎಷ್ಟು ಪಾಯಿಂಟ್ ಆಯ್ತು?’ ಎಂಬ ಪ್ರಶ್ನೆ. ಎಪ್ಪತ್ತು ಎಂದವರಿಗೆ ಅಲ್ಲೇ ಒಂದು ಸಲಹೆ ಸಿಗುತ್ತದೆ: ‘ಪಿವೈ ಮಾಡ್ಬಿಡು, ಐದು ಬರತ್ತೆ.’ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲಿ ತಲುಪುವುದು ಇಷ್ಟು: ಇನ್ನೊಂದು ಕೋರ್ಸ್ ಇದೆಯಂತೆ, ಇನ್ನೊಂದಿಷ್ಟು ಲಕ್ಷ ಬೇಕಂತೆ, ಅದೊಂದಾದರೆ ಪಿಆರ್, ಅಂದರೆ ಕಾಯಂ ವಾಸದ ವೀಸಾ, ಗ್ಯಾರಂಟಿಯಂತೆ. ಈ ಮೂರರಲ್ಲಿ ಮೊದಲೆರಡು ನಿಜ. ಮೂರನೆಯದು ನಿಜವಲ್ಲ.

ಪಿವೈ ಎಂದರೆ ಪ್ರೊಫೆಷನಲ್ ಇಯರ್. ಆಸ್ಟ್ರೇಲಿಯಾದಲ್ಲೇ ಓದಿ ಪದವಿ ಪಡೆದ ವಿದೇಶಿ ವಿದ್ಯಾರ್ಥಿಗಳಿಗೆ ಅಲ್ಲಿನ ಕಚೇರಿಯ ರೀತಿನೀತಿ ಕಲಿಸುವ ತರಬೇತಿ. ಅಕೌಂಟಿಂಗ್, ಐಟಿ, ಎಂಜಿನಿಯರಿಂಗ್ ಈ ಮೂರು ಕ್ಷೇತ್ರಗಳಿಗೆ ಮಾತ್ರ ಇದೆ. ನರ್ಸಿಂಗ್ ಅಥವಾ ಬಿಎಡ್ ಮಾದರಿಯ ಕೋರ್ಸ್ ಓದಿದವರಿಗೆ ಇಲ್ಲ. ಬೆಂಗಳೂರಿನ ಬಿಇ ಒಂದನ್ನೇ ಇಟ್ಟುಕೊಂಡು ಇದಕ್ಕೆ ಸೇರಲಾಗದು. ತರಬೇತಿ ಸುಮಾರು 44 ವಾರ, ಬಿಡುವಿನ ವಾರಗಳೂ ಸೇರಿದರೆ ಕ್ಯಾಲೆಂಡರಿನಲ್ಲಿ ಒಂದು ವರ್ಷ. ಅದರೊಳಗೆ 12 ವಾರ ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್. ಉಳಿದದ್ದು ತರಗತಿ: ರೆಸ್ಯೂಮೆ ಬರೆಯುವುದು, ಸಂದರ್ಶನ ಎದುರಿಸುವುದು, ಮೀಟಿಂಗಿನಲ್ಲಿ ಮಾತಾಡುವುದು, ವೃತ್ತಿಯ ನೀತಿನಿಯಮ. ಶುಲ್ಕ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದರೂ ಸಾವಿರಾರು ಡಾಲರಿಗೆ ಕಡಿಮೆಯಿಲ್ಲ. ಇಂಟರ್ನ್‌ಶಿಪ್‌ಗೆ ಸಾಮಾನ್ಯವಾಗಿ ಸಂಬಳವೂ ಇಲ್ಲ. ಇಷ್ಟೆಲ್ಲ ಮಾಡಿದವರಿಗೆ ವಲಸೆಯ ಅಂಕಪಟ್ಟಿಯಲ್ಲಿ ಸಿಗುವುದು 5 ಪಾಯಿಂಟ್.

ಇಂಥ ತರಬೇತಿ ಹುಟ್ಟಿದ್ದಕ್ಕೆ ಕಾರಣವಿತ್ತು. 2000ದ ದಶಕದ ಮೊದಲರ್ಧದಲ್ಲಿ ಆಸ್ಟ್ರೇಲಿಯಾದ ಪದವಿ ಎಂದರೆ ಪಿಆರ್‌ಗೆ ಹತ್ತಿರದ ದಾರಿಯಾಗಿತ್ತು. ಸರ್ಕಾರಕ್ಕಾಗಿ ಬಾಬ್ ಬಿರೆಲ್, ಲೆಸ್ಲಿಆನ್ ಹಾಥಾರ್ನ್, ಸ್ಯೂ ರಿಚರ್ಡ್‌ಸನ್ 2006ರಲ್ಲಿ ಮುಗಿಸಿದ ಪರಿಶೀಲನೆಯಲ್ಲಿ ಈ ದಾರಿಯ ಕೊರತೆ ಕಂಡಿತು. ಅಲ್ಲೇ ಓದಿ ನೆಲೆಸಿದವರಲ್ಲಿ ಬಹಳ ಮಂದಿಗೆ ಓದಿದ ಕೆಲಸ ಸಿಕ್ಕಿರಲಿಲ್ಲ. ಇಂಗ್ಲಿಷ್ ಸಾಲದು, ಅನುಭವ ಇಲ್ಲ ಎಂಬುದು ಮುಖ್ಯ ಕಾರಣ. ನಿಯಮಗಳು ಬಿಗಿಯಾದವು, ಆ ಕೊರತೆ ತುಂಬಲೆಂದು ಪ್ರೊಫೆಷನಲ್ ಇಯರ್ ಬಂತು. ಮೂಲ ಉದ್ದೇಶ ಕೆಲಸಕ್ಕೆ ತಯಾರು ಮಾಡುವುದು, ಪಾಯಿಂಟ್ ಅದರ ಜೊತೆಗೆ ಸಿಗುವ ಲಾಭ. ಇಂದು ಸೇರುವವರ ಲೆಕ್ಕದಲ್ಲಿ ಇದು ತಲೆಕೆಳಗಾಗಿದೆ.

ಪಾಸಾದರೆ ಸಾಲದು

ವಲಸೆಗೆ ಬೇಕಾದ ಕನಿಷ್ಠ ಅಂಕ 65. ಅಷ್ಟಿದ್ದರೆ ಸ್ಕಿಲ್‌ಸೆಲೆಕ್ಟ್ ಎಂಬ ವ್ಯವಸ್ಥೆಯಲ್ಲಿ ಆಸಕ್ತಿ ಸಲ್ಲಿಸಬಹುದು, ಅಷ್ಟೇ. ಆಮೇಲೆ ವಲಸೆ ಇಲಾಖೆ ಹೆಚ್ಚು ಅಂಕದವರಿಂದ ಹಿಡಿದು ಕೆಳಕ್ಕೆ ವೀಸಾ ಅರ್ಜಿಗೆ ಆಹ್ವಾನ ಕೊಡುತ್ತ ಬರುತ್ತದೆ. ನಮ್ಮ ಸಿಇಟಿಯ ಹಾಗೆ: ಪಾಸಾದವರೆಲ್ಲರಿಗೂ ಸೀಟಿಲ್ಲ, ಸೀಟು ಕೊಡಿಸುವುದು ರ‍್ಯಾಂಕು. ಅಕೌಂಟಿಂಗ್, ಐಟಿಯಂಥ ನೂಕುನುಗ್ಗಲಿನ ವೃತ್ತಿಗಳಲ್ಲಿ ಕಾಯಂ ವಾಸದ 189 ವೀಸಾದ ಆಹ್ವಾನ 85, 90, 95ಕ್ಕೆ ಏರಿದ್ದುಂಟು. ಹಾಗಾಗಿ ‘ಐದು ಬರುತ್ತದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ. ಆ ಐದು ಸೇರಿದ ಮೇಲೆ ನಾನು ಸಾಲಿನಲ್ಲಿ ಎಲ್ಲಿ ನಿಲ್ಲುತ್ತೇನೆ ಎಂದು ಕೇಳಿಕೊಳ್ಳಬೇಕು.

ಒಂದು ಲೆಕ್ಕ ಹಾಕೋಣ. ಹಾಸನದ ಕಡೆಯ ಹುಡುಗಿಯೊಬ್ಬಳು ಮೆಲ್ಬರ್ನಿನಲ್ಲಿ ಎರಡು ವರ್ಷದ ಐಟಿ ಮಾಸ್ಟರ್ಸ್ ಮುಗಿಸಿದ್ದಾಳೆ ಎಂದಿಟ್ಟುಕೊಳ್ಳಿ. ವಯಸ್ಸು 27, ಮದುವೆಯಾಗಿಲ್ಲ, ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗದಲ್ಲಿ 7 ಬಂದಿದೆ. ವಯಸ್ಸಿಗೆ 30, ಇಂಗ್ಲಿಷಿಗೆ 10, ಪದವಿಗೆ 15, ಆಸ್ಟ್ರೇಲಿಯಾದಲ್ಲಿ ಓದಿದ್ದಕ್ಕೆ 5, ಒಂಟಿಯಾಗಿರುವುದಕ್ಕೆ 10. ಒಟ್ಟು 70. ಪಿವೈ ಮುಗಿಸಿದರೆ 75. ಆಹ್ವಾನ 85ರ ಮೇಲೆ ನಿಂತಿರುವ ವೃತ್ತಿಯಲ್ಲಿ 70ಕ್ಕೂ 75ಕ್ಕೂ ವ್ಯತ್ಯಾಸವಿಲ್ಲ. ಒಂದು ವರ್ಷವನ್ನೂ ಅಪ್ಪ ಕಳಿಸಿದ ದುಡ್ಡನ್ನೂ ಖರ್ಚು ಮಾಡಿ ಅವಳು ಸಾಲಿನ ಹೊರಗೇ ಇರುತ್ತಾಳೆ.

ಅದೇ ಐದು, ಅಗ್ಗದ ದಾರಿಯಲ್ಲಿ

ಅದೇ ಹುಡುಗಿ ಇಂಗ್ಲಿಷ್ ಪರೀಕ್ಷೆಯನ್ನು ಮತ್ತೆ ಬರೆದು ನಾಲ್ಕೂ ವಿಭಾಗದಲ್ಲಿ 8 ತಂದರೆ 10ರ ಜಾಗದಲ್ಲಿ 20 ಬರುತ್ತದೆ. ಹೆಚ್ಚುವ ಹತ್ತು ಪಿವೈ ಕೊಡುವುದರ ಎರಡರಷ್ಟು. ಇದಕ್ಕೆ ಬೇಕಾದ್ದು ಪರೀಕ್ಷೆಯ ಶುಲ್ಕ ಮತ್ತು ಕೆಲವು ತಿಂಗಳ ಅಭ್ಯಾಸ. ರೈಟಿಂಗ್ ವಿಭಾಗದಲ್ಲಿ 8 ತರುವುದು ಸುಲಭವಲ್ಲ ಎಂಬುದು ಬರೆದವರಿಗೆಲ್ಲ ಗೊತ್ತು. ಆದರೂ ಎರಡು ಮೂರು ಸಲ ಬರೆದರೂ ಖರ್ಚು ಪಿವೈ ಶುಲ್ಕದ ಹತ್ತಿರ ಬರುವುದಿಲ್ಲ.

ಎರಡನೆಯ ದಾರಿ ಕನ್ನಡದವರಿಗೆ ಮನೆಯಲ್ಲೇ ಇದೆ. ಆಸ್ಟ್ರೇಲಿಯಾದ ಅನುವಾದಕರ ಮತ್ತು ದುಭಾಷಿಗಳ ಮಾನ್ಯತಾ ಸಂಸ್ಥೆ ‘ನಾಟಿ’ ನಡೆಸುವ ಸಿಸಿಎಲ್ ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಒಂದು. ತಲಾ ಸುಮಾರು 300 ಪದಗಳ ಎರಡು ಸಂಭಾಷಣೆ. ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಮಾತಾಡುತ್ತಾರೆ. ಆಸ್ಪತ್ರೆ, ಶಾಲೆ, ಪೊಲೀಸ್ ಠಾಣೆ, ವಿಮೆಯಂಥ ದಿನನಿತ್ಯದ ವಿಷಯ. ಕೇಳಿಸಿಕೊಂಡು ಇತ್ತಲಿನದನ್ನು ಅತ್ತ, ಅತ್ತಲಿನದನ್ನು ಇತ್ತ ಹೇಳಬೇಕು. 90ಕ್ಕೆ 63 ಬರಬೇಕು, ಒಂದೊಂದು ಸಂಭಾಷಣೆಯಲ್ಲೂ 45ಕ್ಕೆ ಕನಿಷ್ಠ 29. ಪಾಸಾದರೆ 5 ಪಾಯಿಂಟ್, ಪಿವೈ ಕೊಡುವಷ್ಟೇ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆಂಬ ಧೈರ್ಯವೊಂದೇ ಇಲ್ಲಿ ಸಾಲದು. ಜಾಮೀನು, ಪರಿಹಾರ, ಬಾಡಿಗೆ ಕರಾರು, ರಕ್ತದೊತ್ತಡ ಎಂಬ ಮಾತುಗಳು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಬೆಳೆದವರ ನಾಲಿಗೆಗೆ ಥಟ್ಟನೆ ಬರುವುದಿಲ್ಲ. ನಾಲ್ಕು ವಾರ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದವರಿಗೆ ದಾರಿ ಸಲೀಸು.

ಮೂರನೆಯದು ಕೆಲಸ. ಓದಿದ ವೃತ್ತಿಯಲ್ಲೇ, ವಾರಕ್ಕೆ 20 ಗಂಟೆಗೆ ಕಡಿಮೆಯಿಲ್ಲದೆ ಆಸ್ಟ್ರೇಲಿಯಾದಲ್ಲಿ ಒಂದು ವರ್ಷ ದುಡಿದರೆ ಅದಕ್ಕೂ 5 ಪಾಯಿಂಟ್ (ಐಟಿಯವರಿಗೆ ಮೊದಲ ವರ್ಷ ಹೀಗೆ ಸಿಗುವುದಿಲ್ಲ, ಅದನ್ನು ಮುಂದೆ ನೋಡೋಣ). ಮೂರು ವರ್ಷವಾದರೆ 10. ಪಿವೈಗೆ ನೀವು ದುಡ್ಡು ಕಟ್ಟುತ್ತೀರಿ, ಇಲ್ಲಿ ನಿಮಗೇ ದುಡ್ಡು ಬರುತ್ತದೆ. ಇದಲ್ಲದೆ ರಾಜ್ಯ ಸರ್ಕಾರದ ನಾಮನಿರ್ದೇಶನ ಸಿಕ್ಕರೆ 190 ವೀಸಾಕ್ಕೆ 5, ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆಡೆ ನೆಲೆಸುವ 491 ವೀಸಾಕ್ಕೆ 15 ಸೇರುತ್ತದೆ. ಅಡಿಲೇಡ್, ಪರ್ತ್ ಕೂಡ ಈ ‘ಬೇರೆಡೆ’ಯಲ್ಲೇ ಬರುತ್ತವೆ.

ಕೊಟ್ಟ ಕೈಯೇ ಕಸಿದಾಗ

ಪಿವೈ ಒಂದು ವರ್ಷ ಹಿಡಿಯುತ್ತದೆ, ಆ ವರ್ಷ ಅಭ್ಯರ್ಥಿಯ ವಯಸ್ಸಿಗೂ ಸೇರುತ್ತದೆ. 25ರಿಂದ 32ರವರೆಗೆ ವಯಸ್ಸಿಗೆ 30 ಪಾಯಿಂಟ್. 33 ತುಂಬಿದ ದಿನದಿಂದ 25. ಲೆಕ್ಕಕ್ಕೆ ಬರುವುದು ಆಹ್ವಾನ ಬಂದ ದಿನದ ವಯಸ್ಸು. ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಮೂವತ್ತರ ಮೇಲೆ ಮಾಸ್ಟರ್ಸ್‌ಗೆ ಹೋದವರು ಇದನ್ನು ಮೊದಲು ನೋಡಬೇಕು. ಮೂವತ್ತೆರಡೂವರೆಯಲ್ಲಿ ಪಿವೈಗೆ ಸೇರಿದರೆ ಮುಗಿಯುವ ಹೊತ್ತಿಗೆ ಐದು ಬಂದು ಐದು ಹೋಗಿರುತ್ತದೆ. ಉಳಿಯುವುದು ಖರ್ಚು.

ಮದುವೆಯೂ ಹೀಗೆಯೇ. ಒಂಟಿಯಾಗಿರುವವರಿಗೆ 10 ಪಾಯಿಂಟ್ ಇದೆಯಲ್ಲ, ಮದುವೆಯಾದ ಮೇಲೆ ಅದು ಸಂಗಾತಿಯನ್ನು ನೋಡಿ ನಿಲ್ಲುತ್ತದೆ. ಸಂಗಾತಿಗೂ ವೃತ್ತಿಯ ಮೌಲ್ಯಮಾಪನ, ಇಂಗ್ಲಿಷ್, ವಯಸ್ಸು ಎಲ್ಲ ಕೂಡಿಬಂದರೆ ಹತ್ತೂ ಉಳಿಯುತ್ತದೆ. ಇಂಗ್ಲಿಷ್ ಪರೀಕ್ಷೆ ಮಾತ್ರ ಪಾಸಾಗಿದ್ದರೆ 5. ಅದೂ ಇಲ್ಲದಿದ್ದರೆ ಸೊನ್ನೆ. ಮಗ ಪಿವೈ ಓದುತ್ತಿರುವಾಗಲೇ ಊರಿನಲ್ಲಿ ಜಾತಕ ಕೂಡಿಸುವವರಿಗೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ. ಸೊಸೆ ಐಇಎಲ್‌ಟಿಎಸ್ ಬರೆದಿದ್ದಾಳೆಯೇ ಎಂದು ಕೇಳುವುದು ಒರಟಾಗಿ ಕಾಣಬಹುದು, ಆದರೆ ಕೇಳದೆ ಹೋದರೆ ವರ್ಷವಿಡೀ ಗಳಿಸಿದ್ದರ ಎರಡರಷ್ಟು ಒಂದೇ ದಿನ ಹೋಗುತ್ತದೆ.

ವೀಸಾದ ಅವಧಿಯೂ ಕರಗುತ್ತಿರುತ್ತದೆ. ಪದವಿಯ ನಂತರದ 485 ವೀಸಾ 2024ರ ಜುಲೈ ಬದಲಾವಣೆಯಲ್ಲಿ ಬಹುತೇಕರಿಗೆ ಮೊಟಕಾಯಿತು. ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದ ದೆಸೆಯಿಂದ ನಮ್ಮವರಿಗೆ ಮಾಸ್ಟರ್ಸ್ ನಂತರ ಮೂರು ವರ್ಷ ಉಳಿದಿದೆ. ಅದರಲ್ಲಿ ಮೂರನೇ ಒಂದು ಪಾಲನ್ನು ಪಿವೈ ತಿನ್ನುತ್ತದೆ. ಹಗಲು ತರಗತಿ, ರಾತ್ರಿ ಸೂಪರ್‌ಮಾರ್ಕೆಟ್ಟಿನ ಪಾಳಿ ಎಂದು ಓಡಾಡುವವರಿಗೆ ಓದಿದ ಕೆಲಸ ಹುಡುಕಲು ಸಮಯ ಎಲ್ಲಿಂದ ಬರಬೇಕು?

ಹಾಗಾದರೆ ಯಾರಿಗೆ?

ಇಷ್ಟೆಲ್ಲ ಹೇಳಿದ ಮೇಲೂ ಪಿವೈ ದಂಡ ಎಂದು ತಳ್ಳಿಹಾಕುವಂತಿಲ್ಲ. ಐಟಿಯವರಿಗೆ ಅದು ಇನ್ನೊಂದು ಬಾಗಿಲು ತೆರೆಯುತ್ತದೆ. ವಲಸೆಗೆ ಮೊದಲು ವೃತ್ತಿಯ ಮೌಲ್ಯಮಾಪನ ಆಗಬೇಕು. ಐಟಿಗೆ ಅದನ್ನು ಮಾಡುವುದು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ. ಅಲ್ಲೇ ಓದಿದವರು ಪದವಿಯ ಜೊತೆಗೆ ಒಂದು ವರ್ಷದ ಅನುಭವವನ್ನೋ ಪ್ರೊಫೆಷನಲ್ ಇಯರನ್ನೋ ತೋರಿಸಬೇಕು. ಅನುಭವ ತೋರಿಸಿದರೆ ಆ ಮೊದಲ ವರ್ಷ ಮೌಲ್ಯಮಾಪನಕ್ಕೇ ಖರ್ಚಾಗುತ್ತದೆ, ಪಾಯಿಂಟಿಗೆ ಸಿಗುವುದಿಲ್ಲ. ಪಿವೈ ಆದರೆ ಮೌಲ್ಯಮಾಪನವೂ ಆಗುತ್ತದೆ, ಐದೂ ಕೈಗೆ ಬರುತ್ತದೆ. ಕೆಲಸ ಸಿಗದೆ ಕುಳಿತಿರುವ ಐಟಿ ಪದವೀಧರರಿಗೆ ಇದು ಮುಖ್ಯ ಸಂಗತಿ. ಎಂಜಿನಿಯರುಗಳಿಗೂ ಅಕೌಂಟೆಂಟರಿಗೂ ಹಾಗಿಲ್ಲ. ಮಾನ್ಯತೆ ಪಡೆದ ಆಸ್ಟ್ರೇಲಿಯಾ ಪದವಿಯೇ ಅವರ ಮೌಲ್ಯಮಾಪನಕ್ಕೆ ಆಧಾರ, ಪಿವೈ ಅಲ್ಲಿ ಕಡ್ಡಾಯವಲ್ಲ. ಅವರಿಗೆ ಅದು ಐದು ಪಾಯಿಂಟ್ ಮತ್ತು ಇಂಟರ್ನ್‌ಶಿಪ್ ಮಾತ್ರ.

ಆ ಇಂಟರ್ನ್‌ಶಿಪ್ ಎಂಥದ್ದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಿಜವಾದ ಪ್ರಾಜೆಕ್ಟಿನಲ್ಲಿ ಕೂರಿಸುವ, ನಾಳೆ ಫೋನು ಮಾಡಿದರೆ ನಿಮ್ಮ ಪರವಾಗಿ ನಾಲ್ಕು ಮಾತಾಡುವ ಮ್ಯಾನೇಜರ್ ಇರುವ ಕಡೆ 12 ವಾರ ಕಳೆದವರಿಗೆ ಅದು ಮೊದಲ ಕೆಲಸಕ್ಕೆ ಮೆಟ್ಟಿಲು. ‘ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ’ ಎಂಬ ಅಲ್ಲಿನ ಸಂದರ್ಶನದ ಮಾಮೂಲಿ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ. ಎರಡು ಕೋಣೆಯ ಆಫೀಸಿನಲ್ಲಿ ಕೂರಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುವ ಕಡೆ ಹೋದರೆ ಪಾಯಿಂಟೊಂದೇ ಉಳಿಯುತ್ತದೆ. ಸೇರುವ ಮೊದಲು ಸಂಸ್ಥೆಯವರನ್ನು ಕೇಳಬೇಕಾದ್ದು ಇದನ್ನೇ: ಹೋದ ಬ್ಯಾಚಿನವರನ್ನು ಯಾವ ಕಂಪನಿಗಳಿಗೆ ಕಳಿಸಿದಿರಿ, ಅವರಲ್ಲಿ ಎಷ್ಟು ಜನ ಈಗ ಅದೇ ಕ್ಷೇತ್ರದಲ್ಲಿದ್ದಾರೆ? ಉತ್ತರ ತೇಲಿಸಿದರೆ ಎದ್ದು ಬರುವುದೇ ಸರಿ. ಸಲಹೆ ಕೊಡುವ ಏಜೆಂಟರಿಗೆ ಸೇರಿಸಿದ್ದಕ್ಕೆ ಕಮಿಷನ್ ಸಿಗುವುದುಂಟು ಎಂಬುದನ್ನೂ ನೆನಪಿಡಬೇಕು. ಆಸ್ಟ್ರೇಲಿಯಾದಲ್ಲಿ ವಲಸೆ ಸಲಹೆ ಕೊಡುವ ಏಜೆಂಟರಿಗೆ ನೋಂದಣಿ ಸಂಖ್ಯೆ ಇರಬೇಕು, ಅದನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ನಿಯಮ ಇದ್ದಂತೆಯೇ ಇರುತ್ತದೆಂಬ ಭರವಸೆಯೂ ಇಲ್ಲ. ಮಾರ್ಟಿನ್ ಪಾರ್ಕಿನ್‌ಸನ್ ನೇತೃತ್ವದ ಸಮಿತಿ 2023ರಲ್ಲಿ ಕೊಟ್ಟ ವರದಿ ಇಡೀ ಪಾಯಿಂಟ್ ಪದ್ಧತಿಯನ್ನು ಮರುರೂಪಿಸಬೇಕೆಂದಿತು. 2024ರಲ್ಲಿ ಸರ್ಕಾರ ಅದರ ಮೇಲೆ ಚರ್ಚಾಪತ್ರ ಹೊರಡಿಸಿತು. ಪಿವೈ ಥರದ ಚಿಲ್ಲರೆ ಪಾಯಿಂಟ್‌ಗಳಿಂದ ಒಳ್ಳೆಯ ವಲಸಿಗರು ಆಯ್ಕೆಯಾಗುತ್ತಾರೆಯೇ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಪಾಯಿಂಟಿಗೆಂದೇ ವರ್ಷ ಹಾಕಿದವರು ನಿಯಮ ಬದಲಾದ ದಿನ ಬರಿಗೈಯಾಗುತ್ತಾರೆ. ಕಲಿತ ಕೆಲಸವನ್ನು ಮಾತ್ರ ಯಾವ ಅಧಿಸೂಚನೆಯೂ ಕಸಿಯಲಾರದು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಪಿವೈ ಇಲ್ಲದೆ ನಿಮ್ಮ ಅಂಕ ಕೂಡಿ, ನಿಮ್ಮ ವೃತ್ತಿಯ ಇತ್ತೀಚಿನ ಆಹ್ವಾನಗಳ ಪಕ್ಕದಲ್ಲಿಟ್ಟು ನೋಡಿ. ಇಂಗ್ಲಿಷ್ ಮತ್ತು ಕನ್ನಡ ಪರೀಕ್ಷೆಗಳೆರಡನ್ನೂ ಮುಗಿಸಿ. ಓದಿದ ಕೆಲಸಕ್ಕೆ ಆರು ತಿಂಗಳು ಮನಸ್ಸಿಟ್ಟು ಅರ್ಜಿ ಹಾಕಿ. ಇಷ್ಟಾದ ಮೇಲೂ ಕೆಲಸ ಸಿಗದೆ, ಐದೇ ಪಾಯಿಂಟಿನ ಅಂತರ ಉಳಿದು, ವಯಸ್ಸು ಇನ್ನೂ ಕೈಯಲ್ಲಿದ್ದರೆ ಪಿವೈಗೆ ದುಡ್ಡು ಕಟ್ಟಿ. ಐಟಿಯವರು ಸ್ವಲ್ಪ ಬೇಗ ಕಟ್ಟಬಹುದು, ಉಳಿದವರು ಕೊನೆಗೆ. ಪಟ್ಟಿಯಲ್ಲಿ ಎಲ್ಲ ಐದೂ ಒಂದೇ ತೂಕದವು, ಬೆಲೆ ಮಾತ್ರ ಬೇರೆ ಬೇರೆ. ದುಬಾರಿಯದನ್ನು ಮೊದಲು ಕೊಳ್ಳುವ ಅವಸರ ಯಾರಿಗೂ ಬೇಡ.