ತೆಂಗಿನ ಸೀಮೆಯಲ್ಲಿ ಕೆರೆಯ ಹೆಸರುಗಳು

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ಕಲ್ಪತರು ನಾಡೆಂದು ಕರೆಯುವುದು ರೂಢಿಯಾಗಿದ್ದರೂ, ಇಲ್ಲಿನ ಊರುಗಳ ಹೆಸರಿನಲ್ಲಿ ಎದ್ದು ಕಾಣುವುದು ತೆಂಗಲ್ಲ, ಕೆರೆ. ಹಂದನಕೆರೆ, ಕಂದಿಕೆರೆ, ಶೆಟ್ಟಿಕೆರೆಗಳಲ್ಲಿ ಅದು ನೇರವಾಗಿಯೇ ಇದೆ. ಮಾಯಸಂದ್ರ, ಬಾಣಸಂದ್ರಗಳ ‘ಸಂದ್ರ’ವು ದೊಡ್ಡ ಕೆರೆಗೆ ಶಾಸನಗಳಲ್ಲಿ ಬಳಕೆಯಾಗುವ ‘ಸಮುದ್ರ’ ಪದ ಜನರ ಬಾಯಲ್ಲಿ ಸವೆದು ಉಳಿದ ರೂಪ. ತಿಪಟೂರಿನ ಸಮೀಪದ ಕೆರೆಗೋಡಿಯಲ್ಲಿ ಕೆರೆಯೊಂದಿಗೆ ‘ಕೋಡಿ’, ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ಜಾಗ, ಸೇರಿಕೊಂಡಿದೆ. ಮಳೆಯನ್ನು ನೆಚ್ಚಲಾಗದ ಈ ಬಯಲುಸೀಮೆಯಲ್ಲಿ ನೀರು ಕಟ್ಟಿ ನಿಲ್ಲಿಸಿದ ಕಡೆ ಊರು ಬೇರುಬಿಟ್ಟಿತೆಂಬುದನ್ನು ಈ ಹೆಸರುಗಳೇ ಹೇಳುತ್ತವೆ.

ಊರಿನ ಹೆಸರನ್ನು ಚರಿತ್ರೆಯ ಆಕರವಾಗಿ ಓದುವ ವಿದ್ಯೆಗೆ ಸ್ಥಳನಾಮ ಅಧ್ಯಯನವೆಂದು ಹೆಸರು. ಕನ್ನಡದಲ್ಲಿ ಶಂ. ಬಾ. ಜೋಶಿಯವರ ‘ಎಡೆಗಳು ಹೇಳುವ ಕಂನಾಡ ಕತೆ’ ಈ ದಾರಿಯನ್ನು ತೆರೆದ ಕೃತಿಗಳಲ್ಲೊಂದು. ತುಮಕೂರು ಸೀಮೆಯ ಮಟ್ಟಿಗೆ, ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟವು ಹೆಸರುಗಳ ಹಳೆಯ ರೂಪಗಳನ್ನು ಹುಡುಕುವವರಿಗೆ ಇಂದಿಗೂ ಮೊದಲ ಆಸರೆ.

ಹಳೆಯ ರೂಪವನ್ನು ನೋಡದೆ ಅರ್ಥ ಹೇಳಹೊರಟರೆ ದಾರಿ ತಪ್ಪುತ್ತದೆ. ನೊಣವಿನಕೆರೆಯೆಂದೊಡನೆ ಇಂದಿನ ಕಿವಿಗೆ ನೊಣದ ನೆನಪಾಗುವುದು ಸಹಜ. ಹೀಗೆ ಸದ್ದಿನ ಹೋಲಿಕೆಯನ್ನಷ್ಟೇ ಹಿಡಿದು ಜನ ಕಟ್ಟಿಕೊಳ್ಳುವ ವಿವರಣೆಗೆ ಜನಪದ ನಿರುಕ್ತಿ ಎನ್ನುತ್ತಾರೆ. ಆದರೆ ನೊಳಂಬರೆಂಬ ಅರಸರ ಹೆಸರು ನೊಣಂಬ, ನೊಣಬ ಎಂಬ ರೂಪಗಳಲ್ಲಿ ಉಳಿದಿರುವ, ಅವರ ಕಾಲದ ಕಲ್ಲೇಶ್ವರ ಗುಡಿ ಅರಳಗುಪ್ಪೆಯಲ್ಲಿ ಇನ್ನೂ ನಿಂತಿರುವ ಈ ನಾಡಿನಲ್ಲಿ, ‘ನೊಣಂಬನ ಕೆರೆ’ ಎಂಬ ಅರ್ಥವೇ ಹೆಚ್ಚು ಸಮಂಜಸ. ತುರುವೇಕೆರೆಯ ‘ತುರು’ವಿಗೆ ಹಳಗನ್ನಡದಲ್ಲಿ ದನವೆಂಬ ಅರ್ಥವಿದ್ದರೂ ಅಲ್ಲಿಯೂ ಇದೇ ಎಚ್ಚರ ಬೇಕು. ಹಾಗೆಂದು ಜನರ ಕಥೆಗಳನ್ನು ತಳ್ಳಿಹಾಕಬಾರದು. ಊರು ತನ್ನನ್ನು ತಾನು ಹೇಗೆ ಕಂಡುಕೊಂಡಿದೆಯೆಂಬುದು ಅವುಗಳಲ್ಲಿಯೇ ತಿಳಿಯುವುದರಿಂದ, ಅವನ್ನೂ ಬೇರೆಯಾಗಿ ಬರೆದಿಡಬೇಕು. ಚಿಕ್ಕನಾಯಕನಹಳ್ಳಿಯದು ಸರಳ ಸಂಗತಿ: ಹಾಗಲವಾಡಿಯ ಪಾಳೆಯಗಾರರಲ್ಲೊಬ್ಬನಾದ ಚಿಕ್ಕನಾಯಕನಿಂದ ಆ ಹೆಸರು ಬಂದಿದೆ.

ನಿಜವಾಗಿ ಅಪಾಯದಲ್ಲಿರುವುದು ಊರುಗಳ ಹೆಸರಲ್ಲ, ಅವುಗಳೊಳಗಿನ ಸಣ್ಣ ಹೆಸರುಗಳು. ಏರಿ ಹಿಂದಲ ತೋಟ, ತೂಬಿನ ಗದ್ದೆ, ಕೋಡಿಹಳ್ಳದ ಹೊಲ ಎಂಬಂಥವೆಲ್ಲವನ್ನೂ ಶಾಸನಗಳು ದಾಖಲಿಸಿಲ್ಲ. ಪಹಣಿಯು ಜಮೀನನ್ನು ಗುರುತಿಸುವುದು ಸರ್ವೆ ನಂಬರಿನಿಂದ. ಗದ್ದೆ ಹೋಗಿ ತೆಂಗಿನ ತೋಟವಾದಾಗ, ಕೊಳವೆಬಾವಿ ಬಂದು ತೂಬಿನ ನೀರಿನ ಗೊಡವೆ ತಪ್ಪಿದಾಗ, ಆ ಹೆಸರನ್ನು ಹೇಳುವ ಕಾರಣವೇ ಇಲ್ಲವಾಗುತ್ತದೆ. ಜನವಸತಿಯಿಲ್ಲದ ಗ್ರಾಮವನ್ನು ಕಂದಾಯ ದಾಖಲೆಗಳು ‘ಬೇಚರಾಕ್’ ಎನ್ನುತ್ತವೆ. ‘ದೀಪವಿಲ್ಲದ್ದು’ ಎಂಬರ್ಥದ ಪಾರಸಿ ಪದದಿಂದ ಬಂದ ಮಾತದು. ದೀಪವಾರಿದ ಊರಿಗಾದರೂ ದಾಖಲೆಯಲ್ಲಿ ಹೆಸರುಂಟು, ಬಾಯಲ್ಲಷ್ಟೇ ಬದುಕಿದ ಹೊಲಕ್ಕೆ ಅದೂ ಇಲ್ಲ.

ಆದ್ದರಿಂದ ಈ ಸೀಮೆಯ ಶಾಲೆಗಳೂ ಗ್ರಾಮ ಪಂಚಾಯಿತಿಗಳೂ ಹಿರಿಯರ ಬಾಯಿಂದ ಪ್ರತಿ ಹೊಲ, ತೋಟ, ಕಟ್ಟೆ, ಹಳ್ಳದ ಹೆಸರನ್ನು ಅವರು ಉಚ್ಚರಿಸಿದಂತೆಯೇ, ಸರ್ವೆ ನಂಬರು ಮತ್ತು ದಿನಾಂಕದೊಂದಿಗೆ ಈಗಲೇ ಬರೆದಿಡಬೇಕು. ಅರ್ಥವನ್ನು ಆಮೇಲೆ ಹುಡುಕಬಹುದು.