ಗರಡಿಯ ಸಾಮು, ಒಂದೆಲಗದ ರಸ ಮತ್ತು ಮಿದುಳು

ದಾವಣಗೆರೆಯ ಗರಡಿಮನೆಗಳು ಕುಸ್ತಿಗೆ ಹೆಸರಾದವು. ಅಲ್ಲಿಂದ ಹರಿಹರದ ಕಡೆಗೆ ಹೊರಟರೆ ಭದ್ರಾ ನಾಲೆಯ ನೀರುಂಡ ಗದ್ದೆಗಳು, ಮುಂದೆ ತುಂಗಭದ್ರೆಯ ದಂಡೆ. ಒಂದೆಲಗವು ಬಯಸುವುದು ಇಂಥ ತೇವದ ನೆಲವನ್ನೇ. ಸಾಮಿನಿಂದ ಮೈ ಗಟ್ಟಿಯಾಗುವುದು, ಒಂದೆಲಗದಿಂದ ಬುದ್ಧಿ ಚುರುಕಾಗುವುದು ಎಂಬುದು ನಮ್ಮ ಜನರ ನಂಬಿಕೆ. ಆದುದರಿಂದಲೇ ಪರೀಕ್ಷೆ ಸಮೀಪಿಸಿತೆಂದರೆ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಆಟ ನಿಲ್ಲುತ್ತದೆ. ಎಲೆಯ ರಸ ಆರಂಭವಾಗುತ್ತದೆ. ಈ ಏರ್ಪಾಡು ಸರಿಯೇ ಎಂಬ ಪ್ರಶ್ನೆಗೆ ಪ್ರಯೋಗಶಾಲೆಯ ಇಲಿಗಳು ಸ್ವಲ್ಪಮಟ್ಟಿಗೆ ಉತ್ತರ ಹೇಳಿವೆ.

ನರಕೋಶದೊಳಗೆ ಸುದ್ದಿ ಹರಿಯುವುದು ವಿದ್ಯುತ್ತಿನ ರೂಪದಲ್ಲಿ. ಆದರೆ ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಒಂದು ಸಂದು ಉಂಟು. ಮಿಲಿಮೀಟರನ್ನು 50,000 ಪಾಲು ಮಾಡಿದರೆ ಒಂದು ಪಾಲಿನಷ್ಟು ಅದರ ಅಗಲ. ಅದನ್ನು ದಾಟಿಸುವ ಅಂಬಿಗರು ಅಸಿಟೈಲ್‌ಕೋಲಿನ್, ಸಿರೊಟೋನಿನ್ ಮೊದಲಾದ ರಾಸಾಯನಿಕಗಳು. ಇವಲ್ಲದೆ ನರಕೋಶಗಳನ್ನು ಪೋಷಿಸಿ ಕವಲೊಡೆಯಿಸುವ ಪ್ರೋಟೀನುಗಳೂ ಇವೆ. ಅವುಗಳಲ್ಲೊಂದಾದ ಬಿ.ಡಿ.ಎನ್.ಎಫ್. ಎಂಬುದನ್ನು 1982ರಲ್ಲಿ ಬಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು.

ಸ್ನಾಯುವಿನ ಕೆಲಸಕ್ಕೂ ಈ ಪ್ರೋಟೀನಿಗೂ ಏನು ನಂಟು? 1995ರಲ್ಲಿ ಕ್ಯಾಲಿಫೋರ್ನಿಯದ ಕಾಟ್‌ಮನ್ನರ ತಂಡವು ಇಲಿಗಳ ಪಂಜರದಲ್ಲಿ ತಿರುಗುವ ಚಕ್ರಗಳನ್ನಿಟ್ಟಿತು. ಇಷ್ಟಬಂದಂತೆ ಓಡಿದ ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ, ಎಂದರೆ ನೆನಪಿಗೆ ಅತ್ಯಗತ್ಯವಾದ ಭಾಗದಲ್ಲಿ, ಬಿ.ಡಿ.ಎನ್.ಎಫ್. ತಯಾರಿಕೆಯ ಆದೇಶವನ್ನು ಹೊತ್ತ ಆರ್.ಎನ್.ಎ. ಹೆಚ್ಚಿತ್ತು. 1999ರಲ್ಲಿ ಗೇಜ್ ಮೊದಲಾದವರು ಓಡುವ ಸುಂಡಿಲಿಗಳಲ್ಲಿ ಹೊಸ ನರಕೋಶಗಳು ಅಧಿಕವಾಗಿ ಹುಟ್ಟುವುದನ್ನೂ, ತೊಟ್ಟಿಯ ನೀರಿನಲ್ಲಿ ಮುಳುಗಿದ ಮಣೆಯ ಸ್ಥಾನವನ್ನು ಅವು ಬೇಗ ಕಲಿಯುವುದನ್ನೂ ತೋರಿಸಿದರು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದಷ್ಟೆ. ಆದರೆ 2004ರಲ್ಲಿ ಗೋಮೆಜ್-ಪಿನಿಲ್ಲರ ತಂಡವು ಈ ಪ್ರೋಟೀನಿನ ಕ್ರಿಯೆಗೆ ತಡೆಯೊಡ್ಡಿದಾಗ, ಓಡಿದ ಇಲಿಗಳಿಗೆ ಕಲಿಕೆಯಲ್ಲಿದ್ದ ಮೇಲುಗೈ ಮಾಯವಾಯಿತು. ಇದು ಗಟ್ಟಿಯಾದ ಸಾಕ್ಷ್ಯವೆಂದು ನಮ್ಮ ಎಣಿಕೆ.

ಇನ್ನು ಸೊಪ್ಪಿನ ವಿಚಾರ. ಇಲ್ಲಿ ಹೆಸರಿನದೇ ಒಂದು ಗೊಂದಲ. ಬ್ರಾಹ್ಮಿ ಎಂದು ಕೆಲವರು ಕರೆಯುವುದು ಒಂದೆಲಗವನ್ನು, ಇನ್ನು ಕೆಲವರು ನೀರುಬ್ರಾಹ್ಮಿಯನ್ನು. ಇವು ಬೇರೆ ಬೇರೆ ಕುಲದ ಗಿಡಗಳು. ಒಳಗಿನ ರಾಸಾಯನಿಕಗಳೂ ಬೇರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದವರು ಇಲಿಗಳ ಕಲಿಕೆಗೆ ನೆರವಾಗುವುದೆಂದು ಕಂಡ ಬ್ಯಾಕೊಸೈಡುಗಳು ನೀರುಬ್ರಾಹ್ಮಿಯವು. ಒಂದೆಲಗವನ್ನು ಪರೀಕ್ಷಿಸಿದವರಲ್ಲಿ ನಮ್ಮ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನವರೂ ಇದ್ದಾರೆ. ಅವರು ಏಳು ದಿನದ ಇಲಿಮರಿಗಳಿಗೆ ಹಸಿ ಎಲೆಯ ರಸವನ್ನು ಕಿಲೋ ತೂಕಕ್ಕೆ 2, 4, 6 ಮಿಲಿಲೀಟರಿನಂತೆ ಆರು ವಾರಗಳವರೆಗೂ ಕುಡಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ರಸವನ್ನು ಹೆಚ್ಚು ಕಾಲ ಕುಡಿದ ಮರಿಗಳ ಹಿಪೊಕ್ಯಾಂಪಸ್ಸಿನ ನರಕೋಶಗಳು ಹೆಚ್ಚು ಕವಲೊಡೆದಿದ್ದವು.

ಹಾಗಾದರೆ 50 ಕಿಲೋ ತೂಗುವ ಹುಡುಗನಿಗೆ 300 ಮಿಲಿಲೀಟರು ಕೊಡಬೇಕೇ? ಬೇಡ. ಪ್ರಾಣಿ ದೊಡ್ಡದಾದಂತೆ ಅದರ ತೂಕವು ಮೈಯ ಹೊರಹರವಿಗಿಂತ ವೇಗವಾಗಿ ಏರುತ್ತದೆ. ದೇಹದೊಳಗಿನ ರಾಸಾಯನಿಕ ವ್ಯಾಪಾರವು ಆ ಹರವನ್ನೇ ಹೆಚ್ಚಾಗಿ ಅನುಸರಿಸುತ್ತದೆ. ಔಷಧಶಾಸ್ತ್ರದ ರೂಢಿಯಂತೆ ಇಲಿಯ ಪ್ರಮಾಣವನ್ನು ಸುಮಾರು 6ರಿಂದ ಭಾಗಿಸಿದರೆ ಸಿಕ್ಕುವುದು 50 ಮಿಲಿಲೀಟರು. ಇದೂ ಸುರಕ್ಷಿತವೆಂಬ ಅಪ್ಪಣೆಯಲ್ಲ, ಬರಿಯ ಅಂದಾಜು. ಮೇಲಾಗಿ, ಆ ಮರಿಗಳ ಮಿದುಳು ಭರದಿಂದ ಬೆಳೆಯುತ್ತಿದ್ದ ಕಾಲವದು, ಪಿ.ಯು. ವಿದ್ಯಾರ್ಥಿಯ ಸ್ಥಿತಿ ಬೇರೆ.

ಮನುಷ್ಯರಲ್ಲಿಯೂ ಪರೀಕ್ಷೆಗಳು ನಡೆದಿವೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 120 ಮಂದಿ ವೃದ್ಧರನ್ನು ಎರಡು ಗುಂಪು ಮಾಡಿದರು. ಒಂದು ವರ್ಷ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್ ನೂರಕ್ಕೆ ಎರಡರಷ್ಟು ಹಿಗ್ಗಿತು. ಮೈ ಸೆಳೆಯುವ ಲಘು ವ್ಯಾಯಾಮವನ್ನಷ್ಟೇ ಮಾಡಿದವರದು ಕುಗ್ಗಿತು. ಒಂದೆಲಗದ ಹಲವು ಪರೀಕ್ಷೆಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ ನೆನಪು, ಗ್ರಹಣಶಕ್ತಿಗಳಲ್ಲಿ ಹುಸಿಮದ್ದಿಗಿಂತ ಮೇಲೆನಿಸುವ ಗುಣ ಕಾಣಲಿಲ್ಲ. ಪರೀಕ್ಷೆಯ ತಿಂಗಳಲ್ಲಿ ಆಟವನ್ನು ಬಿಡಿಸಿ ರಸವನ್ನು ಹಿಡಿಸುವವರು, ಸಾಕ್ಷ್ಯ ಬಲವಾಗಿರುವುದನ್ನು ಕೊಟ್ಟು ದುರ್ಬಲವಾದುದನ್ನು ಕೊಂಡಂತಾಯಿತು.

ಊಟದ ತಂಬುಳಿ, ಚಟ್ನಿಗಳ ಬಗೆಗೆ ಈ ಆಕ್ಷೇಪಣೆಯಿಲ್ಲ. ಆದರೆ ಒಂದೆಲಗದ ಸಾರವನ್ನು ವಾರಗಟ್ಟಲೆ ಸೇವಿಸಿದ ಕೆಲವರಿಗೆ ಯಕೃತ್ತಿನ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ನಿದ್ರೆಯ ಮಾತ್ರೆ ನುಂಗುವವರಿಗೆ ಅದು ಮಂಪರನ್ನು ಹೆಚ್ಚಿಸಬಹುದು. ಹಿರಿಯರು ಇದನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸುವುದೊಳಿತು. ಚರಂಡಿಯ ಬದಿಯಲ್ಲಿ ಬೆಳೆದ ಸೊಪ್ಪನ್ನಂತೂ ಹಸಿಯಾಗಿ ಅರೆದು ಕುಡಿಯಬಾರದು.