ವಿಂಡೋಸ್, ಲಿನಕ್ಸ್, ಮ್ಯಾಕ್: ಒಂದೇ ಕಚೇರಿಯಲ್ಲಿ ಜೋಡಿಸುವುದು ಹೇಗೆ?

ಚನ್ನಪಟ್ಟಣದ ಒಂದು ಆಟಿಕೆ ಕಾರ್ಖಾನೆಯ ಕಚೇರಿ ಎಂದುಕೊಳ್ಳಿ. ಬಿಲ್ ಹಾಕುವ ಮೇಜಿನ ಮೇಲೆ ಟ್ಯಾಲಿ ಇರುವ ವಿಂಡೋಸ್ ಕಂಪ್ಯೂಟರ್ ಇದೆ. ಗೊಂಬೆಗಳ ಫೋಟೊ ತಿದ್ದಿ ಕ್ಯಾಟಲಾಗ್ ಮಾಡುವವರ ಬಳಿ ಮ್ಯಾಕ್ ಇದೆ. ಸ್ಟಾಕ್ ಬರೆಯುವವರಿಗೆ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಸಿ ಕೊಟ್ಟಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಫೈಲ್ ಹೋಗಬೇಕಾದರೆ ಪೆನ್‌ಡ್ರೈವ್ ಬೇಕು, ಇಲ್ಲವೇ ವಾಟ್ಸ್‌ಆ್ಯಪ್. ಕೊನೆಗೆ ಬೆಲೆಪಟ್ಟಿಯ ನಾಲ್ಕು ಪ್ರತಿ ಉಳಿದು, ಹೊಸದು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ರಾಮನಗರದ ರೇಷ್ಮೆ ವ್ಯಾಪಾರಿಗಳು, ಕನಕಪುರದ ಆಡಿಟರ್ ಕಚೇರಿಗಳು, ಮಾಗಡಿಯ ಮುದ್ರಣಾಲಯಗಳು, ಯಾರಿಗಾದರೂ ಈ ಪೇಚು ಬರಬಹುದು. ಎಲ್ಲ ಕಂಪ್ಯೂಟರುಗಳನ್ನೂ ಬದಲಿಸಿ ಒಂದೇ ಬಗೆಯವನ್ನು ಕೊಳ್ಳಬೇಕೇ? ಬೇಡ. ಇರುವ ಯಂತ್ರಗಳನ್ನೇ ಜೋಡಿಸಬಹುದು. ಅದಕ್ಕೆ ಬೇಕಾಗುವ ಬಹುಪಾಲು ತಂತ್ರಾಂಶ ಅವುಗಳಲ್ಲಿ ಆಗಲೇ ಇದೆ, ಇಲ್ಲವೇ ಉಚಿತವಾಗಿ ಸಿಗುತ್ತದೆ.

ಮೊದಲು ಎರಡು ಮಾತು

ಆಪರೇಟಿಂಗ್ ಸಿಸ್ಟಮ್ ಎಂದರೆ ಕಂಪ್ಯೂಟರಿನ ಎಲ್ಲ ಕೆಲಸವನ್ನೂ ನಡೆಸುವ ಮೂಲ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್ ಈ ಸಾಲಿನವು. ನೆಟ್‌ವರ್ಕ್ ಎಂದರೆ ಕಂಪ್ಯೂಟರುಗಳು ಪರಸ್ಪರ ಮಾಹಿತಿ ಕಳಿಸಿಕೊಳ್ಳುವ ಜಾಲ. ಒಂದೇ ಕಟ್ಟಡದೊಳಗಿನ ಜಾಲಕ್ಕೆ ಲ್ಯಾನ್ ಎನ್ನುತ್ತಾರೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಇಂಟರ್ನೆಟ್ ನಿಂತರೂ ಕಚೇರಿಯೊಳಗೆ ಫೈಲ್ ಓಡಾಡುತ್ತದೆ.

ಮಿಶ್ರ ಕಚೇರಿಗಳು ಈಗ ಹೆಚ್ಚಾಗಲು ಒಂದು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕು. ಅವಿಲ್ಲದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತದೆ.

ಬೇರೆ ಬೇರೆ ಯಂತ್ರಗಳು ಮಾತಾಡುವುದು ಹೇಗೆ?

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಕನ್ನಡ, ತೆಲುಗು, ತಮಿಳು, ಉರ್ದು ಮಾತಾಡುವವರೆಲ್ಲ ಬರುತ್ತಾರೆ. ಮನೆಮಾತು ಬೇರೆಯಾದರೂ ಲಾಟಿನ ಸಂಖ್ಯೆ, ಕಿಲೋ ದರ ಎಲ್ಲರಿಗೂ ಒಂದೇ. ವ್ಯವಹಾರಕ್ಕೆ ಅಷ್ಟು ಸಾಕು. ಕಂಪ್ಯೂಟರುಗಳಿಗೂ ಇಂಥ ಸಮಾನ ನಿಯಮಗಳಿವೆ. ಅವಕ್ಕೆ ಪ್ರೊಟೊಕಾಲ್ ಎಂದು ಹೆಸರು.

ಫೈಲ್ ಹಂಚಿಕೆಗೆ ಬೇಕಾದ ಪ್ರೊಟೊಕಾಲ್ ಎಸ್‌ಎಂಬಿ. ವಿಂಡೋಸ್ ಮೊದಲಿನಿಂದಲೂ ಇದನ್ನೇ ಬಳಸುತ್ತದೆ. ಮ್ಯಾಕ್ 2013ರಿಂದ ಇದನ್ನೇ ತನ್ನ ಮುಖ್ಯ ದಾರಿಯಾಗಿ ಮಾಡಿಕೊಂಡಿದೆ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವುದು ಸಾಂಬಾ ಎಂಬ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಅದರ ಮೊದಲ ರೂಪವನ್ನು ಬರೆದರು.

ಜೋಡಿಸುವ ಕ್ರಮ

ಮೊದಲನೆಯದು ತಂತಿ. ರೂಟರ್ ಎಂದರೆ ಇಂಟರ್ನೆಟ್ ತಂದುಕೊಡುವ ಪೆಟ್ಟಿಗೆ. ಪ್ರತಿ ಯಂತ್ರಕ್ಕೂ ಒಂದು ವಿಳಾಸ ಕೊಡುವುದೂ ಅದೇ. ಸ್ವಿಚ್ ಎಂದರೆ ಹಲವು ಕೇಬಲ್‌ಗಳನ್ನು ಒಂದೆಡೆ ಕೂಡಿಸುವ ಪೆಟ್ಟಿಗೆ. ಐದು ಕಂಪ್ಯೂಟರಿನ ಕಚೇರಿಗೆ 8 ಪೋರ್ಟಿನ ಗಿಗಾಬಿಟ್ ಸ್ವಿಚ್ ಸಾಕು. ಕೇಬಲ್ ಕ್ಯಾಟ್ 6 ಇರಲಿ, ಒಳಗಿನ ತಂತಿ ಪೂರ್ತಿ ತಾಮ್ರದ್ದಿರಲಿ. ಒಂದು ಎಳೆ 100 ಮೀಟರ್ ದಾಟಬಾರದು. ವೈಫೈ ಸಾಲದೇ ಎಂದು ಕೇಳಬಹುದು. ಪತ್ರ, ಪಿಡಿಎಫ್‌ಗೆ ಸಾಕು. ಲೆಕ್ಕದ ತಂತ್ರಾಂಶಕ್ಕೂ ದೊಡ್ಡ ಫೋಟೊಗಳಿಗೂ ತಂತಿಯೇ ಭದ್ರ. ವೈಫೈ ಬಳಸುವುದಾದರೆ ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಗೆ ಸೇರಬೇಡಿ. ಅಲ್ಲಿ ಸಾಮಾನ್ಯವಾಗಿ ಒಂದು ಯಂತ್ರಕ್ಕೆ ಇನ್ನೊಂದು ಕಾಣಿಸುವುದಿಲ್ಲ.

ಎರಡನೆಯದು, ಫೈಲ್‌ಗಳಿಗೆ ಒಂದೇ ಮನೆ. ಎಲ್ಲರ ಯಂತ್ರದಲ್ಲೂ ಒಂದೊಂದು ಹಂಚಿಕೆ ಫೋಲ್ಡರ್ ಮಾಡಿದರೆ ಮತ್ತೆ ಗೊಂದಲ. ಕಚೇರಿ ಹೊತ್ತಿನಲ್ಲಿ ಸದಾ ಚಾಲೂ ಇರುವ ಒಂದು ಯಂತ್ರವನ್ನು ಇದಕ್ಕೆಂದು ಗೊತ್ತುಮಾಡಿ. ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಸಾಮಾನ್ಯ ವಿಂಡೋಸ್ ಯಂತ್ರವೂ ಆದೀತು. ಅದು ಏಕಕಾಲಕ್ಕೆ 20 ಸಂಪರ್ಕಗಳವರೆಗೆ ಬಿಡುತ್ತದೆ.

ಮೂರನೆಯದು, ಬದಲಾಗದ ವಿಳಾಸ. ರೂಟರ್ ಕೊಡುವ ಐಪಿ ವಿಳಾಸ ಆಗಾಗ ಬದಲಾಗಬಹುದು. ನಿನ್ನೆ ತೆರೆದ ಫೋಲ್ಡರ್ ಇವತ್ತು ಸಿಗದಿರಲು ಇದೇ ಕಾರಣವಿರಬಹುದು. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬ ಸೌಲಭ್ಯವಿದ್ದರೆ, ಫೈಲ್ ಯಂತ್ರಕ್ಕೂ ಪ್ರಿಂಟರಿಗೂ ಒಂದೊಂದು ವಿಳಾಸ ಕಾಯ್ದಿರಿಸಿ. ಫೈಲ್ ಯಂತ್ರಕ್ಕೆ 192.168.1.50 ಕೊಟ್ಟಿರಿ ಎಂದಿಟ್ಟುಕೊಳ್ಳೋಣ.

ನಾಲ್ಕನೆಯದು, ಬಳಕೆದಾರರ ಹೆಸರು, ಪಾಸ್‌ವರ್ಡ್. ಫೈಲ್ ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಬೇರೆ ಖಾತೆ ತೆರೆಯಿರಿ. ಬಹಳ ಜನ ಎಡವುವುದು ಇಲ್ಲೇ. ಫೈಲ್ ಯಂತ್ರ ವಿಂಡೋಸ್ ಆಗಿದ್ದರೆ ಅದನ್ನು ತೆರೆಯಲು ಒತ್ತುವ ಪಿನ್ ಇಲ್ಲಿ ನಡೆಯದು; ಖಾತೆಯ ಪಾಸ್‌ವರ್ಡೇ ಬೇಕು. ಲಿನಕ್ಸ್ ಆಗಿದ್ದರೆ ಲಾಗಿನ್ ಪಾಸ್‌ವರ್ಡ್ ಬೇರೆ, ಸಾಂಬಾ ಪಾಸ್‌ವರ್ಡ್ ಬೇರೆ, ಎರಡನ್ನೂ ಹಾಕಬೇಕು. ಮ್ಯಾಕ್‌ನ ಫೋಲ್ಡರ್ ಹಂಚುವುದಾದರೆ ಫೈಲ್ ಶೇರಿಂಗ್ ಆಯ್ಕೆಗಳಲ್ಲಿ ವಿಂಡೋಸ್ ಫೈಲ್ ಶೇರಿಂಗ್ ಎಂಬಲ್ಲಿ ಆ ಖಾತೆಗೆ ಗುರುತು ಹಾಕಬೇಕು.

ಐದನೆಯದು, ಫೋಲ್ಡರ್ ತೆರೆಯುವುದು. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ 192.168.1.50 ಬರೆದು ಎಂಟರ್ ಒತ್ತಿ. ಮ್ಯಾಕ್‌ನಲ್ಲಿ ಫೈಂಡರ್ ತೆರೆದು ಗೋ ಮೆನುವಿನ ಕನೆಕ್ಟ್ ಟು ಸರ್ವರ್‌ಗೆ ಹೋಗಿ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಂಬಿ, ಆಮೇಲೆ ಒಂದು ಕೋಲನ್, ಎರಡು ಸ್ಲ್ಯಾಶ್, ನಂತರ ಅದೇ ವಿಳಾಸ. ಲಿನಕ್ಸ್‌ನ ಫೈಲ್ ಮ್ಯಾನೇಜರಿನಲ್ಲೂ ಹೀಗೆಯೇ ಬರೆಯಬೇಕು. ತೆರೆಯದಿದ್ದರೆ ಹಂಚುವ ವಿಂಡೋಸ್ ಯಂತ್ರದಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದೆಯೇ ನೋಡಿ. ಇದ್ದರೆ ‘ಪ್ರೈವೇಟ್’ ಮಾಡಿ.

ಬರುವ ತೊಡಕುಗಳು

ಫೈಲಿನ ಹೆಸರು: ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ವಿಂಡೋಸ್‌ಗೆ ಎರಡೂ ಒಂದೇ. ಸ್ಲ್ಯಾಶ್, ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ ಚಿಹ್ನೆಗಳನ್ನು ವಿಂಡೋಸ್ ಹೆಸರಿನೊಳಗೆ ಬಿಡುವುದಿಲ್ಲ. ಬಿಲ್ ಸಂಖ್ಯೆ 45/2025-26 ಎಂದಿದ್ದರೆ ಫೈಲಿಗೆ 45-2025-26 ಎಂದು ಹೆಸರಿಡಿ.

ಕನ್ನಡ ಅಕ್ಷರ: ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ನೆಟ್‌ವರ್ಕ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಆ ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತಿತ್ತು. ಹೊಸ ಕಡತಗಳನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯಿರಿ. ಅದು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ. ನುಡಿಯ ಹಳೆಯ ಕಡತಗಳನ್ನು ನುಡಿಯ ಪರಿವರ್ತಕದಿಂದ ಬದಲಿಸಿಕೊಳ್ಳಬಹುದು. ನುಡಿ ವಿನ್ಯಾಸಕ್ಕೆ ಕೈ ಒಗ್ಗಿದವರು ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕಗಪ ವಿನ್ಯಾಸವನ್ನು ಆರಿಸಿಕೊಳ್ಳಲಿ.

ಟ್ಯಾಲಿ: ಟ್ಯಾಲಿಪ್ರೈಮ್ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ. ಅದರ ಸಿಲ್ವರ್ ಪರವಾನಗಿ ಒಂದು ಯಂತ್ರಕ್ಕೆ. ಹಲವರು ಏಕಕಾಲಕ್ಕೆ ಬಳಸಲು ಗೋಲ್ಡ್ ಬೇಕು. ಟ್ಯಾಲಿಯ ಚಾಲ್ತಿ ಲೆಕ್ಕ ವಿಂಡೋಸ್ ಯಂತ್ರದಲ್ಲೇ ಇರಲಿ. ಅದರ ಬ್ಯಾಕಪ್ ಮಾತ್ರ ಹಂಚಿಕೆ ಫೋಲ್ಡರಿಗೆ ಬರಲಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನನ್ನೂ ವಿಂಡೋಸ್ ಯಂತ್ರದಲ್ಲೇ ಬಳಸಿದರೆ ತೊಂದರೆ ಕಡಿಮೆ. ಇ-ವೇ ಬಿಲ್ ಬ್ರೌಸರಿನಲ್ಲಿ ನಡೆಯುವುದರಿಂದ ಯಾವ ಯಂತ್ರವಾದರೂ ಆದೀತು.

ಪ್ರಿಂಟರ್: ಕ್ಯಾನನ್ ಎಲ್‌ಬಿಪಿ 2900ಬಿಯಂಥ ಹಳೆಯ ಪ್ರಿಂಟರುಗಳಿಗೆ ಯುಎಸ್‌ಬಿ ಮಾತ್ರ ಇದೆ. ಅದನ್ನು ವಿಂಡೋಸ್ ಯಂತ್ರಕ್ಕೆ ಸಿಕ್ಕಿಸಿ ಹಂಚಬಹುದು. ಆ ಯಂತ್ರ ಆನ್ ಇದ್ದಾಗ ಮಾತ್ರ ಅಚ್ಚಾಗುತ್ತದೆ. ಮ್ಯಾಕ್, ಲಿನಕ್ಸ್‌ನಿಂದ ಪಿಡಿಎಫ್ ಮಾಡಿ ಹಂಚಿಕೆ ಫೋಲ್ಡರಿಗೆ ಹಾಕಿ ವಿಂಡೋಸ್‌ನಿಂದ ಅಚ್ಚು ಹಾಕುವುದು ಸುಲಭದ ದಾರಿ. ಹೊಸದು ಕೊಳ್ಳುವಾಗ ಲ್ಯಾನ್ ಅಥವಾ ವೈಫೈ ಜೊತೆಗೆ ಏರ್‌ಪ್ರಿಂಟ್ ಇರುವುದನ್ನು ಆರಿಸಿ. ಅಂಥದ್ದು ಮ್ಯಾಕ್‌ಗೂ ಈಗಿನ ಲಿನಕ್ಸ್‌ಗೂ ಬೇರೆ ಡ್ರೈವರ್ ಇಲ್ಲದೆ ಒಗ್ಗುತ್ತದೆ.

ಒಂದೇ ಫೈಲ್, ಇಬ್ಬರು: ಒಬ್ಬರು ತೆರೆದ ಎಕ್ಸೆಲ್ ಫೈಲನ್ನು ಇನ್ನೊಬ್ಬರು ತೆರೆದರೆ ಓದಲು ಮಾತ್ರ ಸಿಗುತ್ತದೆ. ಇದು ದೋಷವಲ್ಲ, ಲೆಕ್ಕ ಕೆಡದಿರಲು ಇರುವ ಕಾವಲು. ಆದರೆ ಒಬ್ಬರು ಎಕ್ಸೆಲ್‌ನಲ್ಲೂ ಇನ್ನೊಬ್ಬರು ಲಿಬ್ರೆಆಫೀಸ್‌ನಲ್ಲೂ ತೆರೆದರೆ ಈ ಕಾವಲನ್ನೇ ನಂಬಿ ಕೂರಬೇಡಿ. ಬಾಯಿಮಾತಲ್ಲಿ ಹೇಳಿಕೊಂಡೇ ತಿದ್ದಿ.

ಭದ್ರತೆ ಮತ್ತು ಬ್ಯಾಕಪ್

ಹಳೆಯ ಯಂತ್ರ ಕಾಣಿಸುತ್ತಿಲ್ಲ ಎಂದಾಗ ಎಸ್‌ಎಂಬಿ 1 ಆನ್ ಮಾಡಿ ಎಂದು ಯಾರಾದರೂ ಹೇಳಬಹುದು. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿದ ವಾನಾಕ್ರೈ ಹರಡಿದ್ದು ಇದೇ ಹಳೆಯ ಆವೃತ್ತಿಯ ದೋಷದ ಮೂಲಕ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಹಂಚಿಕೆಯೂ ಬೇಡ. ಸಂಬಳ, ತೆರಿಗೆಯ ಫೋಲ್ಡರುಗಳು ಬೇಕಾದವರಿಗಷ್ಟೇ ತೆರೆಯಲಿ.

ಫೈಲ್ ಒಂದೇ ಕಡೆ ಸೇರಿದ ಮೇಲೆ ಆ ಡಿಸ್ಕ್ ಹೋದರೆ ಎಲ್ಲವೂ ಹೋದಂತೆ. ಆದ್ದರಿಂದ ಬ್ಯಾಕಪ್ ಇಲ್ಲದೆ ಈ ಜೋಡಣೆಯನ್ನು ಶುರುಮಾಡಲೇಬೇಡಿ. ಎರಡು ಎಕ್ಸ್‌ಟರ್ನಲ್ ಡಿಸ್ಕ್ ಇದ್ದರೆ ಒಳ್ಳೆಯದು: ದಿನವೂ ಒಂದಕ್ಕೆ ನಕಲು ಮಾಡಿ ಕಳಚಿಡಿ, ಇನ್ನೊಂದು ಮನೆಯಲ್ಲಿರಲಿ, ವಾರಕ್ಕೊಮ್ಮೆ ಅದಲುಬದಲು ಮಾಡಿ. ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಮೂರೂ ಬಗೆಯ ಯಂತ್ರಗಳು ಓದಿ ಬರೆಯುತ್ತವೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ತಾನಾಗಿ ಅದಕ್ಕೆ ಬರೆಯುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ತೆಗೆದು ತೆರೆದು ನೋಡಿ.

ಫೈಲ್ ಯಂತ್ರಕ್ಕೂ ಸ್ವಿಚ್‌ಗೂ ಯುಪಿಎಸ್ ಇರಲಿ. ಬರೆಯುವಾಗ ಕರೆಂಟ್ ಹೋದರೆ ಫೈಲ್ ಕೆಡಬಹುದು. ಮರದ ಪುಡಿ ಹಾರುವ ಕಾರ್ಖಾನೆಯಲ್ಲಿ, ಗೂಡು ಬೇಯಿಸುವ ಆವಿ ತುಂಬಿದ ಶೆಡ್ಡಿನಲ್ಲಿ ಸ್ವಿಚ್ ಇಡಬೇಡಿ. ಮುಂದಿನ ಕಚೇರಿಯಿಂದ ಹಿಂದಿನ ಶೆಡ್ಡಿಗೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆದರೆ ಸಿಡಿಲಿನ ಅಪಾಯವಿದೆ. ಅಲ್ಲಿಗೆ ಲೋಹದ ಎಳೆಯಿಲ್ಲದ ಫೈಬರ್ ಎಳೆಸಿ.

ಖರ್ಚೆಷ್ಟು?

ಐದು ಕಂಪ್ಯೂಟರಿನ ಕಚೇರಿಗೆ ಅಂದಾಜು ಹೀಗಿದೆ. ಸ್ವಿಚ್‌ಗೆ ₹1,500–2,500. ಸುಮಾರು 60 ಮೀಟರ್ ಕೇಬಲ್‌ಗೆ ₹1,500–2,500. ಎಳೆಯುವ ಕೂಲಿ, ಕನೆಕ್ಟರ್ ಸೇರಿ ₹2,000–3,000. ಯುಪಿಎಸ್‌ಗೆ ₹3,000–5,000. 2 ಟಿಬಿ ಡಿಸ್ಕ್ ಒಂದಕ್ಕೆ ₹6,000–9,000. ಒಂದೇ ಡಿಸ್ಕಿನಿಂದ ಶುರುಮಾಡಿದರೆ ₹14,000ದಿಂದ ₹22,000ದೊಳಗೆ ಮುಗಿಯಬೇಕು. ಬೆಲೆ ಏರಿಳಿಯುತ್ತಿರುತ್ತದೆ, ಕೊಳ್ಳುವ ದಿನ ಎರಡು ಕಡೆ ವಿಚಾರಿಸಿ. ಲಿನಕ್ಸ್ ಮಿಂಟ್, ಸಾಂಬಾ, ಲಿಬ್ರೆಆಫೀಸ್‌ಗೆ ಪರವಾನಗಿ ಶುಲ್ಕವಿಲ್ಲ.

ಎಲ್ಲಿ ಸಿಗುತ್ತದೆ?

ಕೇಬಲ್, ಕನೆಕ್ಟರ್, ಸಣ್ಣ ಸ್ವಿಚ್ಚಿಗೆ ಮೊದಲು ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲೇ ಕೇಳಿ. ಕೆಟ್ಟಾಗ ಬೇಗ ಬಂದು ನೋಡುವವರು ಅವರೇ. ಆಯ್ಕೆ ಹೆಚ್ಚು ಬೇಕಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ. ರಾಮನಗರ, ಚನ್ನಪಟ್ಟಣದವರು ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗದ ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಚಿಕ್ಕಪೇಟೆಯಲ್ಲಿ ಇಳಿದರೆ ಸಮೀಪ. ಕನಕಪುರದವರು ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಅದೇ ಮಾರ್ಗದ ಮೆಟ್ರೊ ಹತ್ತಬಹುದು. ಮಾಗಡಿಯವರು ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದು ಮೆಟ್ರೊ ಹಿಡಿಯಬಹುದು. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ವಾರಂಟಿಗೆ ಅದೇ ಆಧಾರ.

ಜೋಡಿಸಲು ಬಂದವರಿಗೆ ಪೂರ್ತಿ ಹಣ ಕೊಡುವ ಮುಂಚೆ ಮೂರು ಕೆಲಸ ಮಾಡಿಸಿ. ಪ್ರತಿ ಕೇಬಲಿಗೂ ಎರಡೂ ತುದಿಯಲ್ಲಿ ಸಂಖ್ಯೆ ಅಂಟಿಸಲಿ. ಯಂತ್ರಗಳ ವಿಳಾಸ, ಖಾತೆಗಳ ಹೆಸರು, ರೂಟರಿನ ಪಾಸ್‌ವರ್ಡ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಲಿ. ಅದನ್ನು ಬೀರುವಿನಲ್ಲಿ ಇಡಿ. ಕೊನೆಗೆ ನಿಮ್ಮ ಎದುರಲ್ಲೇ ಎಲ್ಲ ಯಂತ್ರಗಳನ್ನೂ ಒಮ್ಮೆ ಆರಿಸಿ, ಮತ್ತೆ ಹಚ್ಚಿ, ಪ್ರತಿಯೊಂದರಿಂದಲೂ ಹಂಚಿಕೆ ಫೋಲ್ಡರ್ ತೆರೆದು ತೋರಿಸಲಿ.